ಕಾಯ್ದೆ ದೆಹಲಿಯದು, ಪಟ್ಟಿ ಬೆಂಗಳೂರಿನದು: ಬಿಪಿಎಲ್ ಕಾರ್ಡ್ ಎಪಿಎಲ್ ಆದರೆ ಯಾರ ಬಾಗಿಲು ತಟ್ಟಬೇಕು?

ಪ್ರಶ್ನೆ: ಸರ್, ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ನಾನು, ನಮ್ಮ ಯಜಮಾನರು, ಅತ್ತೆ, ಮಗ, ಮಗಳು, ಐದು ಜನ ಒಂದೇ ಕಾರ್ಡಿನಲ್ಲಿದ್ದೇವೆ. ಎರಡೂವರೆ ಎಕರೆ ಖುಷ್ಕಿ ಇದೆ, ರಾಗಿ, ಕಡ್ಲೇಕಾಯಿ ಹಾಕುತ್ತೇವೆ. ಯಜಮಾನರು ಗಾರೆ ಕೆಲಸಕ್ಕೆ ಕೂಲಿ ಹೋಗುತ್ತಾರೆ. ತಿಂಗಳಿಗೆ ಹದಿನೈದು ದಿನ ಕೆಲಸ ಸಿಕ್ಕರೆ ಹೆಚ್ಚು, ದಿನಕ್ಕೆ 500 ರೂಪಾಯಿ. ಮಗ ಐಟಿಐ ಮುಗಿಸಿ ಎರಡು ವರ್ಷದಿಂದ ಪೀಣ್ಯದ ಒಂದು ಕಾರ್ಖಾನೆಯಲ್ಲಿದ್ದಾನೆ, 16,000 ಸಂಬಳ, ಅಲ್ಲೇ ರೂಮು ಮಾಡಿಕೊಂಡಿದ್ದಾನೆ. ಬೈಕ್ ಸಾಲಕ್ಕೆ ಅಂತ ಯಾರೋ ಏಜೆಂಟು ಅವನ ಹೆಸರಲ್ಲಿ ಐಟಿ ರಿಟರ್ನ್ ಹಾಕಿಸಿದ್ದ. ಹೋದ ತಿಂಗಳು ಸೊಸೈಟಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ‘ನಿಮ್ಮದು ಎಪಿಎಲ್ ಆಗಿದೆ, ಅಕ್ಕಿ ಬರಲ್ಲ’ ಅಂದರು. ನೋಟಿಸು ಬಂದಿಲ್ಲ. ಅಂಗಡಿಯವರು ‘ಸೆಂಟ್ರಲ್‌ನಿಂದ ಲಿಸ್ಟ್ ಬಂದಿದೆ’ ಅಂತಾರೆ, ಪಂಚಾಯಿತಿ ಮೆಂಬರು ‘ರಾಜ್ಯದವರೇ ದುಡ್ಡು ಉಳಿಸೋಕೆ ಕಿತ್ತಿದ್ದಾರೆ’ ಅಂತಾರೆ. ಒಬ್ಬರು 4,000 ಕೊಟ್ಟರೆ ಮತ್ತೆ ಬಿಪಿಎಲ್ ಮಾಡಿಸಿಕೊಡ್ತೀನಿ, ಇಲ್ಲದಿದ್ದರೆ ಕಾರ್ಡ್ ಒಡೆದು ಎರಡು ಮಾಡಿ ಅಂತಿದ್ದಾರೆ. ಅತ್ತೆಗೆ 66 ವರ್ಷ, ಹೃದಯದ ಆಪರೇಷನ್ ಆಗಬೇಕಿದೆ. ಆ ಕಾರ್ಡನ್ನೇ ನಂಬಿಕೊಂಡಿದ್ದೆವು. ಗೃಹಲಕ್ಷ್ಮಿ ದುಡ್ಡೂ ನಿಂತುಹೋಗುತ್ತಾ? ಯಾರನ್ನು ಕೇಳಬೇಕು?

ಉತ್ತರ: ತಾಯೀ, ನಿಮ್ಮ ಪತ್ರದಲ್ಲಿ ಅಕ್ಕಿಯ ವಿಚಾರ ಮೊದಲು ಬಂದಿದೆ, ಅತ್ತೆಯವರ ವಿಚಾರ ಕೊನೆಗೆ. ನಾನು ತಿರುಗಿಸಿ ಶುರು ಮಾಡುತ್ತೇನೆ. ಅಕ್ಕಿಗೆ ಒಂದು ತಿಂಗಳು ಹೇಗೋ ತಡೆಯಬಹುದು, ಹೃದಯ ತಡೆಯುವುದಿಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಕೊಡುವುದು ಚಿಕಿತ್ಸೆಯ ನಿಗದಿತ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಉಳಿದ ಶೇ 70 ನಿಮ್ಮ ಕೈಯಿಂದ ಹೋಗಬೇಕು. ನಿಮಗೆ ಆಗಿರುವ ನಿಜವಾದ ನಷ್ಟ ಇದು. ತಿಂಗಳ ಅಕ್ಕಿಯ ಬೆಲೆಯನ್ನೂ ಒಂದು ಆಪರೇಷನ್ನಿನ ಶೇ 70ನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆದ್ದರಿಂದ ಕಾರ್ಡಿನ ಅರ್ಜಿ ಕೊಡುವಾಗ ಆಸ್ಪತ್ರೆಯ ಕಾಗದವನ್ನು ತಪ್ಪದೆ ಲಗತ್ತಿಸಿ. ವೈದ್ಯಕೀಯ ತುರ್ತಿನ ಅರ್ಜಿಗಳನ್ನು ಬೇರೆ ತೆಗೆದು ಮೊದಲು ನೋಡುವ ಪದ್ಧತಿ ಆಹಾರ ಇಲಾಖೆಯಲ್ಲಿದೆ. ಆದರೆ ತುರ್ತು ಇದೆಯೆಂದು ಕಾಗದ ಹೇಳಬೇಕು, ಬಾಯಿಮಾತಿಗೆ ಅಲ್ಲಿ ಬೆಲೆಯಿಲ್ಲ. ಆಪರೇಷನ್ ದಿನವನ್ನು ಕಾರ್ಡಿಗಾಗಿ ಮುಂದೂಡಬೇಡಿ. ಯೋಜನೆಗೆ ಸೇರಿದ ಆಸ್ಪತ್ರೆಯಾದರೆ ಅಲ್ಲಿ ಆರೋಗ್ಯಮಿತ್ರರ ಮೇಜು ಇರುತ್ತದೆ. ‘ಕಾರ್ಡ್ ವರ್ಗ ಬದಲಾಗಿದೆ, ಮರುಪರಿಶೀಲನೆಗೆ ಅರ್ಜಿ ಹಾಕಿದ್ದೇವೆ’ ಎಂದು ಈಗಲೇ ಅವರಿಗೆ ಹೇಳಿಡಿ. ಕಾರ್ಡ್ ಬರುವುದು ತಡವಾದರೆ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಶಾಸಕರ ಪತ್ರದೊಡನೆ ಅರ್ಜಿ ಕೊಡುವ ದಾರಿಯೂ ಉಂಟು. ಅದರಿಂದ ಪೂರ್ತಿ ಖರ್ಚು ಸಿಗುತ್ತದೆಂಬ ಭರವಸೆ ನಾನು ಕೊಡಲಾರೆ. ಆದರೂ ಎರಡೂ ಅರ್ಜಿ ಒಟ್ಟಿಗೆ ನಡೆಯಲಿ.

ಇನ್ನು, ಕಿತ್ತವರು ಯಾರು ಎಂಬ ಪ್ರಶ್ನೆ. ಸೊಸೈಟಿಯವರೂ ಮೆಂಬರೂ ಹೇಳಿದ್ದರಲ್ಲಿ ಅರ್ಧರ್ಧ ನಿಜವಿದೆ. ಆ ಅರ್ಧವನ್ನು ಪೂರ್ತಿಯೆಂದು ನಂಬಿದ ಜನ ತಪ್ಪು ಕಚೇರಿಯ ಮುಂದೆ ದಿನವಿಡೀ ಕಾದು ಕೂಲಿ ಕಳೆದುಕೊಂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಹಾರ ನಿರೀಕ್ಷಕನಾಗಿ ಸೇರಿ, ಆಹಾರ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಕಾನೂನಿನ ಈ ಗಂಟನ್ನು ಸ್ವಲ್ಪ ಬಿಚ್ಚಿಯೇ ಹೇಳುತ್ತೇನೆ, ಬೇಸರಿಸಬೇಡಿ.

2013ಕ್ಕೆ ಮುಂಚೆ ಪಡಿತರ ಎಂಬುದು ಸರ್ಕಾರ ಮನಸ್ಸು ಮಾಡಿ ಕೊಡುವ ಯೋಜನೆಯಾಗಿತ್ತು. ಯಾವ ರಾಜ್ಯದಲ್ಲಿ ಎಷ್ಟು ಬಡ ಕುಟುಂಬಗಳಿವೆ ಎಂದು ಯೋಜನಾ ಆಯೋಗ ಅಂದಾಜು ಮಾಡುತ್ತಿತ್ತು, ಅಷ್ಟಕ್ಕೆ ಧಾನ್ಯ ಬರುತ್ತಿತ್ತು. ಆಹಾರದ ಹಕ್ಕಿನ ಮೊಕದ್ದಮೆ 2001ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಮಾತಿನ ಧಾಟಿ ಬದಲಾಯಿತು. ಅದು ಮುಂದುವರಿದು 2013ರಲ್ಲಿ ಸಂಸತ್ತು ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯನ್ನು ತಂದಿತು. ಅಲ್ಲಿಂದ ಪಡಿತರ ಹಕ್ಕಾಯಿತು. ಆದ್ಯತಾ ಕುಟುಂಬದ, ಅಂದರೆ ನಾವು ಬಿಪಿಎಲ್ ಎನ್ನುವ ಕುಟುಂಬದ, ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕೆಜಿ, ಅಂತ್ಯೋದಯ ಕುಟುಂಬಕ್ಕೆ 35 ಕೆಜಿ ಧಾನ್ಯ ಕೊಡಲೇಬೇಕೆಂದು ಕಾಯ್ದೆಯಲ್ಲೇ ಬರೆದರು. ಅಕ್ಕಿಗೆ ಕೆಜಿಗೆ 3 ರೂಪಾಯಿ ಎಂದಿತ್ತು. 2023ರ ಜನವರಿಯಿಂದ ಕೇಂದ್ರ ಅದನ್ನೂ ಬಿಟ್ಟು ಪೂರ್ತಿ ಉಚಿತ ಮಾಡಿದೆ, 2028ರ ಕೊನೆಯವರೆಗೆ ಅದು ಹೀಗೇ ಇರುತ್ತದೆ.

ಹಕ್ಕು ಕೊಟ್ಟ ಅದೇ ಕಾಯ್ದೆ ಕೆಲಸವನ್ನು ಎರಡು ಪಾಲು ಮಾಡಿತು. ಎಷ್ಟು ಜನಕ್ಕೆ ಎಂದು ತೀರ್ಮಾನಿಸುವುದು ಕೇಂದ್ರ, ಯಾರಿಗೆ ಎಂದು ತೀರ್ಮಾನಿಸುವುದು ರಾಜ್ಯ. ದೇಶದ ಹಳ್ಳಿಗರಲ್ಲಿ ಶೇ 75, ಪಟ್ಟಣಿಗರಲ್ಲಿ ಶೇ 50ರವರೆಗೆ ಎಂಬುದು ಒಟ್ಟು ಮಿತಿ. ಅದನ್ನು ರಾಜ್ಯವಾರು ಹಂಚಿದಾಗ ಕರ್ನಾಟಕಕ್ಕೆ ಬಂದದ್ದು ಹಳ್ಳಿಗಳಲ್ಲಿ ಶೇ 76.04, ಪಟ್ಟಣಗಳಲ್ಲಿ ಶೇ 49.36. ತಲೆಲೆಕ್ಕದಲ್ಲಿ ಹೇಳುವುದಾದರೆ ಸುಮಾರು 4.01 ಕೋಟಿ ಜನ. ಈ ಲೆಕ್ಕ ನಿಂತಿರುವುದು 2011ರ ಜನಗಣತಿಯ ಮೇಲೆ. ಆಗ ರಾಜ್ಯದ ಜನಸಂಖ್ಯೆ 6.11 ಕೋಟಿ ಇತ್ತು. ಆಮೇಲೆ ಮದುವೆಗಳಾಗಿವೆ, ಮಕ್ಕಳು ಹುಟ್ಟಿದ್ದಾರೆ, ಮನೆಗಳು ಬೇರೆಯಾಗಿವೆ. ಕೇಂದ್ರದ ಆ ಸಂಖ್ಯೆ ಮಾತ್ರ ಕದಲಿಲ್ಲ. 2021ರಲ್ಲಿ ಆಗಬೇಕಿದ್ದ ಗಣತಿ ಮುಂದೆ ಹೋಗಿ, ಈಗ 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಇಟ್ಟುಕೊಂಡಿದೆ. ಆ ಅಂಕಿ ಪ್ರಕಟವಾಗಿ, ಮಿತಿ ಮತ್ತೆ ಲೆಕ್ಕವಾಗುವ ತನಕ ಹಳೇ ಅಳತೆಯಲ್ಲೇ ಹೊಸ ಸಂಸಾರ ನಡೆಯಬೇಕು. ಹೊಸ ಬಿಪಿಎಲ್ ಅರ್ಜಿ ಆಗಾಗ ಮುಚ್ಚಿರುವುದು, ತೆರೆದರೂ ವರ್ಷಗಟ್ಟಲೆ ಬಾಕಿ ಬೀಳುವುದು ಬಹುಮಟ್ಟಿಗೆ ಈ ಕಾರಣಕ್ಕೆ. ಒಬ್ಬರು ಹೊರಗೆ ಹೋದರೇನೆ ಇನ್ನೊಬ್ಬರಿಗೆ ಜಾಗ. ಪಟ್ಟಿ ಸೋಸುವ ಒತ್ತಡ ಹುಟ್ಟುವುದು ಅಲ್ಲಿಂದ.

ಯಾರು ಅರ್ಹರು, ಯಾರು ಅನರ್ಹರು ಎಂಬ ಮಾನದಂಡವನ್ನು ಸಂಸತ್ತು ಬರೆಯಲಿಲ್ಲ. ಕಾಯ್ದೆಯ 10ನೇ ಕಲಂ ಅದನ್ನು ರಾಜ್ಯಕ್ಕೆ ಬಿಟ್ಟಿದೆ. ಆದಾಯ ತೆರಿಗೆ ಕಟ್ಟುವವರು ಬೇಡ, ವರ್ಷಕ್ಕೆ 1.20 ಲಕ್ಷಕ್ಕಿಂತ ಹೆಚ್ಚು ವರಮಾನವಿರುವವರು ಬೇಡ, 3 ಹೆಕ್ಟೇರ್‌ಗಿಂತ ಹೆಚ್ಚು ಖುಷ್ಕಿ ಇರುವವರು ಬೇಡ, ಬಿಳಿ ಬೋರ್ಡಿನ ಕಾರು ಇರುವವರು ಬೇಡ, ಪಟ್ಟಣದಲ್ಲಿ ಸಾವಿರ ಚದರಡಿಗಿಂತ ದೊಡ್ಡ ಸ್ವಂತ ಮನೆ ಇರುವವರು ಬೇಡ, ಇವೆಲ್ಲ ಕರ್ನಾಟಕ ಸರ್ಕಾರದ ಮಾತುಗಳು. ಹಾಗಾಗಿ ‘ಸೆಂಟ್ರಲ್ ಕಾನೂನಿನಲ್ಲೇ ಹಾಗಿದೆ, ನಮ್ಮ ಕೈಲಿಲ್ಲ’ ಎಂದು ತಾಲ್ಲೂಕು ಕಚೇರಿಯಲ್ಲಿ ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಅವರ ಕೈಯಲ್ಲೇ ಇದೆ.

ಹಾಗಾದರೆ ದೆಹಲಿಯ ಪಟ್ಟಿ ಸುಳ್ಳೇ? ಅಲ್ಲ. 2025ರಲ್ಲಿ ಕೇಂದ್ರದ ಆಹಾರ ಇಲಾಖೆ ದೇಶದ ಪಡಿತರ ಪಟ್ಟಿಯನ್ನು ಆದಾಯ ತೆರಿಗೆ, ವಾಹನ ನೋಂದಣಿ, ಕಂಪನಿ ನಿರ್ದೇಶಕರ ದಾಖಲೆಗಳ ಜೊತೆ ತಾಳೆ ನೋಡಿ, ಅನುಮಾನ ಬಂದ ಹೆಸರುಗಳನ್ನು ರಾಜ್ಯಗಳಿಗೆ ಕಳಿಸಿತು. ನಿಮ್ಮ ಮಗನ ಪ್ಯಾನ್ ಆಧಾರಿಗೆ ಜೋಡಣೆಯಾಗಿದೆ, ಆಧಾರ್ ಪಡಿತರ ಚೀಟಿಗೆ ಜೋಡಣೆಯಾಗಿದೆ. ಎರಡೂ ಕಡೆಯ ಸಂಖ್ಯೆ ಒಂದೇ ಎಂದು ಕಂಪ್ಯೂಟರ್ ಹೇಳುತ್ತದೆ. ಹುಡುಗ ಬೈಕಿನ ಸಾಲಕ್ಕೆ ರಿಟರ್ನ್ ಹಾಕಿದ್ದ, ಒಂದು ಪೈಸೆ ತೆರಿಗೆ ಕಟ್ಟಿಲ್ಲ ಎಂಬುದು ಆ ತಾಳೆಯಲ್ಲಿ ಕಾಣದೇ ಹೋಗಬಹುದು. ಆ ಪಟ್ಟಿ ಬಂದದ್ದು ಪರಿಶೀಲನೆಗೆ. ಅದನ್ನು ಹಿಡಿದುಕೊಂಡು ಮನೆಗೆ ಬಂದು, ವಿಚಾರಿಸಿ, ಆಮೇಲೆ ತೀರ್ಮಾನಿಸುವ ಹೊಣೆ ರಾಜ್ಯದ್ದು. ನಿಮ್ಮ ಮನೆಗೆ ಯಾರೂ ಬಂದಿಲ್ಲ, ನೋಟಿಸೂ ಬಂದಿಲ್ಲ ಎಂದಿರಿ. ಹಾಗಿದ್ದರೆ ಅಲ್ಲಿ ತಪ್ಪಾಗಿದೆ. ನಿಮ್ಮ ಮೊದಲ ಬಲವೂ ಅದೇ.

ಇದನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ನನ್ನದೇ ಒಂದು ನೋವಿನ ಕಾರಣವಿದೆ. ನಿರೀಕ್ಷಕನಾಗಿದ್ದಾಗ ಒಂದು ಬೇಸಿಗೆಯಲ್ಲಿ, ವಾಹನ ಇರುವವರ ಹೆಸರು ಎಂದು ಉದ್ದನೆಯ ಪಟ್ಟಿಯೊಂದು ಬಂತು. ವಾರದೊಳಗೆ ವರದಿ ಕೊಡಬೇಕು. ಅರ್ಧ ಹಳ್ಳಿ ಸುತ್ತಿದೆ, ಉಳಿದರ್ಧಕ್ಕೆ ಮೇಜಿನ ಮೇಲೇ ‘ಅನರ್ಹ’ ಎಂದು ಬರೆದೆ. ಎರಡು ತಿಂಗಳಾದ ಮೇಲೆ ಒಬ್ಬ ಹೆಂಗಸು ಬಂದು ಕಚೇರಿಯ ಮೆಟ್ಟಿಲ ಮೇಲೆ ಕೂತರು. ಗಂಡ ತೀರಿಕೊಂಡಿದ್ದ. ಬದುಕಿದ್ದಾಗ ಅವನು ಧಣಿಯ ಗಾಡಿ ಓಡಿಸುತ್ತಿದ್ದ. ಧಣಿ ಏನೋ ಅನುಕೂಲಕ್ಕೆ ಗಾಡಿಯನ್ನು ಇವನ ಹೆಸರಿಗೆ ಬರೆಸಿಟ್ಟಿದ್ದ. ಆಕೆಯ ಮನೆಗೆ ಹೋಗಿದ್ದರೆ ಒಂದೇ ನೋಟಕ್ಕೆ ತಿಳಿಯುತ್ತಿತ್ತು, ತಗಡಿನ ಮಾಡು, ಒಂದು ಒಲೆ. ಕಾರ್ಡನ್ನು ಮರಳಿ ಕೊಡಿಸಿದೆ. ಆದರೆ ಎರಡು ತಿಂಗಳ ಅಕ್ಕಿಯನ್ನು ಕೊಡಿಸಲಾಗಲಿಲ್ಲ. ಸ್ಥಳಕ್ಕೆ ಹೋಗದೆ ಕಾರ್ಡ್ ಮೇಲೆ ಕೈಯಿಡಬಾರದೆಂದು ಆಮೇಲೆ ನನ್ನ ಕೈಕೆಳಗಿನ ಹುಡುಗರಿಗೆ ಹೇಳುತ್ತಲೇ ಬಂದೆ. ಪಟ್ಟಿ ದೆಹಲಿಯಿಂದ ಬರಲಿ, ಬೆಂಗಳೂರಿನಿಂದ ಬರಲಿ, ಮನೆ ನೋಡಬೇಕಾದ ಕಣ್ಣು ತಾಲ್ಲೂಕಿನದು.

ಕರ್ನಾಟಕದಲ್ಲೇ ಹತ್ತಿರದ ನಿದರ್ಶನವೊಂದಿದೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ರದ್ದು ಮಾಡಿದಾಗ ಎಲ್ಲ ಕಡೆ ಕೂಗೆದ್ದಿತು. ಆಗ ರಾಜ್ಯ ಸರ್ಕಾರವೇ ಹಿಂದೆ ಸರಿದು, ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿಸಲು ಸೂಚಿಸಿತು. ಕಿತ್ತದ್ದನ್ನು ಮರಳಿಸುವ ಅಧಿಕಾರ ರಾಜ್ಯಕ್ಕಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೆಂಬರು ಹೇಳಿದ ‘ದುಡ್ಡು ಉಳಿಸೋಕೆ’ ಎಂಬ ಮಾತನ್ನೂ ತೂಗಿ ನೋಡೋಣ. ಕಾಯ್ದೆಯ 5 ಕೆಜಿ ಧಾನ್ಯದ ಬೆಲೆಯನ್ನು ಹೊರುವುದು ಕೇಂದ್ರ. ಉಗ್ರಾಣದಿಂದ ಎತ್ತಿ ಅಂಗಡಿಗೆ ಮುಟ್ಟಿಸುವುದು ರಾಜ್ಯದ ಹೊಣೆ. ಆ ಸಾಗಣೆ ಮತ್ತು ಅಂಗಡಿಯವರ ಕಮಿಷನ್ನಿನಲ್ಲಿ ಕೇಂದ್ರ ಒಂದು ಪಾಲು ಕೊಡುತ್ತದೆ. ಅದರ ಮೇಲಿನ 5 ಕೆಜಿ ಅನ್ನಭಾಗ್ಯದ್ದು, ಪೂರ್ತಿ ರಾಜ್ಯದ ದುಡ್ಡು. ಸ್ವಂತ ಖರ್ಚಿನಲ್ಲಿ ಹೆಚ್ಚು ಕೊಡುವ ರಾಜ್ಯವನ್ನು ಕಾಯ್ದೆ ತಡೆಯುವುದಿಲ್ಲ, ಅದಕ್ಕೆಂದೇ 32ನೇ ಕಲಂ ಇದೆ. ಆದರೆ ಸಹಾಯ ಮಾಡಲೇಬೇಕೆಂದೂ ಕೇಂದ್ರವನ್ನು ಅದು ಕಟ್ಟಿಹಾಕುವುದಿಲ್ಲ. 2023ರ ಜೂನ್‌ನಲ್ಲಿ ನಾವು ಕಂಡದ್ದು ಅದನ್ನೇ. ರಾಜ್ಯ ದುಡ್ಡು ಕೊಟ್ಟು ಕೊಳ್ಳುತ್ತೇನೆಂದರೂ ಭಾರತ ಆಹಾರ ನಿಗಮದ ಮುಕ್ತ ಮಾರುಕಟ್ಟೆ ಮಾರಾಟವನ್ನು ಕೇಂದ್ರ ರಾಜ್ಯಗಳಿಗೆ ನಿಲ್ಲಿಸಿತು. ಅಕ್ಕಿ ಸಿಗದೆ ರಾಜ್ಯ ಕೆಜಿಗೆ 34ರಂತೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕಿತು. 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿಯನ್ನೇ ಕೊಡಲು ಶುರುಮಾಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಆ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡುವ ತೀರ್ಮಾನವನ್ನು ಸಚಿವ ಸಂಪುಟ ತೆಗೆದುಕೊಂಡಿತು. ಒಂದು ಕಾರ್ಡ್ ಕಡಿಮೆಯಾದರೆ ರಾಜ್ಯದ ಬೊಕ್ಕಸಕ್ಕೆ ಉಳಿತಾಯ ಆಗುವುದು ನಿಜ. ಆದರೆ ನಿಮ್ಮ ಮನೆಯನ್ನು ಆರಿಸಿದ್ದು ಆ ಉಳಿತಾಯದ ಲೆಕ್ಕ ಎಂದು ನನಗನಿಸುವುದಿಲ್ಲ. ನಿಮ್ಮ ಮಗನ ರಿಟರ್ನ್ ತೋರಿಸಿದ ಬೆರಳಿನ ದಿಕ್ಕಿಗೆ ಯಾರೂ ಬಂದು ನೋಡಲಿಲ್ಲ, ಅಷ್ಟೇ.

ಗೃಹಲಕ್ಷ್ಮಿ ಬಗ್ಗೆ ಒಂದು ತಪ್ಪು ತಿಳಿವಳಿಕೆ ಊರೂರಲ್ಲೂ ಇದೆ. ಆ ಯೋಜನೆ ಬಿಪಿಎಲ್‌ಗೆ ಮಾತ್ರ ಎಂದು ಯಾರೂ ಬರೆದಿಲ್ಲ. ಅಂತ್ಯೋದಯ, ಬಿಪಿಎಲ್, ಎಪಿಎಲ್, ಈ ಮೂರರಲ್ಲಿ ಯಾವ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದು ಹೆಸರಿದ್ದರೂ 2,000 ರೂಪಾಯಿ ಬರುತ್ತದೆ. ತಡೆ ಇರುವುದು ಯಜಮಾನಿಯೋ ಆಕೆಯ ಗಂಡನೋ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಜಿಎಸ್‌ಟಿ ರಿಟರ್ನ್ ಹಾಕುವವರಾಗಿದ್ದರೆ. ಮಗನ ರಿಟರ್ನ್‌ಗೂ ಅದಕ್ಕೂ ಸಂಬಂಧವಿಲ್ಲ. ಆದ್ದರಿಂದ ಕಾರ್ಡ್ ಎಪಿಎಲ್ ಆಯಿತೆಂಬ ಕಾರಣಕ್ಕೇ ಅದು ನಿಲ್ಲಬಾರದು. ನಿಂತರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿ. ಶಕ್ತಿ ಯೋಜನೆಯ ಬಸ್ಸಿಗೂ, ಗೃಹಜ್ಯೋತಿಯ ವಿದ್ಯುತ್ತಿಗೂ ಬಿಪಿಎಲ್ ಕಾರ್ಡ್ ಬೇಕಿಲ್ಲ.

ಇನ್ನು ನಿಮಗೆ ಹಿಡಿಸದ ಮಾತೊಂದನ್ನು ಹೇಳಲೇಬೇಕು. ತೆರಿಗೆಯ ಕಾರಣ ನಿಮ್ಮ ವಿಷಯದಲ್ಲಿ ನಿಲ್ಲುವುದಿಲ್ಲ. ರಿಟರ್ನ್ ಹಾಕುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ತಿಂಗಳಿಗೆ 16,000 ಸಂಬಳದವನಿಗೆ ತೆರಿಗೆ ಬರುವುದೇ ಇಲ್ಲ. ಆದರೆ ವರಮಾನದ ಕಾರಣ ನಿಲ್ಲುತ್ತದೆ. ವರ್ಷಕ್ಕೆ ಅವನೊಬ್ಬನದೇ 1,92,000 ಆಯಿತು. ನಿಮ್ಮ ಯಜಮಾನರ ಕೂಲಿ ಹೆಚ್ಚೆಂದರೆ 90,000. ಮಗ ಕುಟುಂಬದ ಲೆಕ್ಕದಲ್ಲಿ ಇದ್ದರೆ 1.20 ಲಕ್ಷದ ಗೆರೆ ದಾಟಿದ್ದೀರಿ. ಇಲ್ಲದಿದ್ದರೆ, ಹೊಲದ ವರಮಾನ ವರ್ಷಕ್ಕೆ 30,000 ಮೀರದಿದ್ದರೆ, ದಾಟಿಲ್ಲ. ನಿಮ್ಮ ಪ್ರಕರಣ ನಿಂತಿರುವುದು ಈ ಒಂದು ಎಳೆಯ ಮೇಲೆ.

ಆ ಗೆರೆ ನ್ಯಾಯವಾಗಿದೆಯೇ ಎಂದು ಕೇಳಿದರೆ, ಇಲ್ಲ ಎನ್ನುತ್ತೇನೆ. ವರ್ಷಕ್ಕೆ 1.20 ಲಕ್ಷವೆಂದರೆ ತಿಂಗಳಿಗೆ 10,000. ದಿನಕ್ಕೆ 400ರಂತೆ ಇಪ್ಪತ್ತೈದು ದಿನ ಕೂಲಿ ಮಾಡಿದ ಒಬ್ಬ ಮನುಷ್ಯ ಅಲ್ಲಿಗೆ ಮುಟ್ಟುತ್ತಾನೆ. ಗಂಡಹೆಂಡಿರಿಬ್ಬರೂ ದುಡಿದರೆ ‘ಬಡವರಲ್ಲ’ ಆಗಿಬಿಡುತ್ತಾರೆ. ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿಗೆ 8 ಲಕ್ಷದ ಮಿತಿ ಇಟ್ಟಿರುವ ದೇಶದಲ್ಲಿ ಅಕ್ಕಿಗೆ 1.20 ಲಕ್ಷದ ಮಿತಿ. ರಾಜ್ಯ ಮನಸ್ಸು ಮಾಡಿದರೆ ಇದನ್ನು ನಾಳೆಯೇ ಏರಿಸಬಹುದು. ಏರಿಸಿದರೆ ಅರ್ಹರು ಹೆಚ್ಚುತ್ತಾರೆ, ಕೇಂದ್ರದ 4.01 ಕೋಟಿಯ ಮಿತಿ ಹೆಚ್ಚುವುದಿಲ್ಲ. ಮೇಲಿನವರಿಗೆಲ್ಲ ರಾಜ್ಯವೇ ಕೊಂಡು ಹಾಕಬೇಕು. ಒಬ್ಬರು ಸಂಖ್ಯೆ ಹಿಡಿದು ಕೂತಿದ್ದಾರೆ, ಇನ್ನೊಬ್ಬರು ಗೆರೆ ಹಿಡಿದು ಕೂತಿದ್ದಾರೆ. ಇದನ್ನು ಜನ ಇಬ್ಬರನ್ನೂ ಕೇಳಬೇಕು. ನಿಮ್ಮ ಅರ್ಜಿ ಮಾತ್ರ ಇವತ್ತಿನ ಗೆರೆಯೊಳಗೇ ಗೆಲ್ಲಬೇಕು.

ಮಗ ನಿಮ್ಮ ಕುಟುಂಬವೇ? ಕರುಳಿನ ಮಾತು ಬೇರೆ, ಪಡಿತರದ ಮಾತು ಬೇರೆ. ಮಹಜರಿಗೆ ಹೋದಾಗ ನಾವು ನೋಡುತ್ತಿದ್ದದ್ದು ಒಂದು ಸೂರು, ಒಂದು ಒಲೆ. ಅವನು ಎರಡು ವರ್ಷದಿಂದ ಪೀಣ್ಯದಲ್ಲಿ ರೂಮು ಮಾಡಿಕೊಂಡು ಅಲ್ಲೇ ಉಣ್ಣುತ್ತಿದ್ದರೆ, ಬಾಡಿಗೆ ಅಲ್ಲೇ ಕಟ್ಟುತ್ತಿದ್ದರೆ, ಅವನ ಹೆಸರನ್ನು ನಿಮ್ಮ ಕಾರ್ಡಿನಿಂದ ತೆಗೆಸುವುದು ಸುಳ್ಳಲ್ಲ, ಇರುವುದನ್ನೇ ಬರೆಸಿದಂತೆ. ನಿಜಕ್ಕೂ ಅದನ್ನು ಎರಡು ವರ್ಷದ ಹಿಂದೆಯೇ ಮಾಡಿಸಬೇಕಿತ್ತು. ಅಪಾಯಗಳೂ ಇವೆ, ಕೇಳಿ. ಅವನು ತಿಂಗಳು ತಿಂಗಳು ಮನೆಗೆ ದುಡ್ಡು ಕಳಿಸುತ್ತಿದ್ದರೆ ಅದು ಬ್ಯಾಂಕಿನಲ್ಲಿ ಕಾಣುತ್ತದೆ, ಅಧಿಕಾರಿ ಕೇಳಿದರೆ ಮುಚ್ಚಿಡಬಾರದು. ಹೆಸರು ಒಮ್ಮೆ ಹೋದರೆ ಮತ್ತೆ ಸೇರಿಸುವುದು ಸುಲಭವಲ್ಲ. ಕೆಲಸ ಬಿಟ್ಟು ನಾಳೆ ಊರಿಗೆ ಬಂದರೆ ಅವನು ಯಾವ ಕಾರ್ಡಿನಲ್ಲೂ ಇರುವುದಿಲ್ಲ. ಆರೋಗ್ಯ ಯೋಜನೆಯಲ್ಲಿ ನಿಮ್ಮ ಕಾರ್ಡಿನ ಆಸರೆಯೂ ಅವನಿಗೆ ತಪ್ಪುತ್ತದೆ. ಕಾರ್ಖಾನೆಯಲ್ಲಿ ಇಎಸ್‌ಐ ಹಿಡಿಯುತ್ತಿದ್ದಾರೆಯೇ ಎಂದು ಕೇಳಿ. ಇದ್ದರೆ ಅವನ ಚಿಂತೆ ಅಷ್ಟಿಲ್ಲ.

ಅದೇ ಅವನು ವಾರಕ್ಕೆ ಮೂರು ದಿನ ಊರಲ್ಲೇ ಇದ್ದು, ಸಂಸಾರ ನಡೆಯುವುದೇ ಅವನ ಸಂಬಳದಿಂದ ಎಂದಾದರೆ, ಕಾಗದದ ಮೇಲೆ ಮಾತ್ರ ಬೇರೆ ಮಾಡಬೇಡಿ. ಏಜೆಂಟರು ಹೇಳುವ ‘ಕಾರ್ಡ್ ಒಡೆಯುವುದು’ ಇಂಥದ್ದೇ. ಒಂದೇ ಮನೆಯಲ್ಲಿದ್ದುಕೊಂಡು ಅತ್ತೆಗೊಂದು, ನಿಮಗೊಂದು ಕಾರ್ಡ್ ಮಾಡಿಸಲು ಹೋದರೆ ಹೊಸ ಅರ್ಜಿ ಬಾಕಿ ಬಿದ್ದು, ಅತ್ತೆಯವರ ಹೆಸರು ಹಳೇ ಕಾರ್ಡಿನಲ್ಲೂ ಇಲ್ಲದೆ ಹೊಸ ಕಾರ್ಡಿನಲ್ಲೂ ಇಲ್ಲದೆ ನಡುವೆ ಸಿಕ್ಕಿಕೊಳ್ಳುತ್ತದೆ. ಆಪರೇಷನ್ ಹತ್ತಿರ ಇಟ್ಟುಕೊಂಡು ಆ ಸಾಹಸ ಬೇಡವೇ ಬೇಡ. ಯಜಮಾನಿ ಬದಲಾದರೆ ಗೃಹಲಕ್ಷ್ಮಿಯಲ್ಲೂ ಗೊಂದಲ ಹುಟ್ಟುತ್ತದೆ. ಸುಳ್ಳು ಹೇಳಿ ಪಡೆದ ಪಡಿತರಕ್ಕೆ ಇಲಾಖೆ ಮಾರುಕಟ್ಟೆ ಬೆಲೆ ಹಿಡಿದು ವಸೂಲಿ ಮಾಡಬಹುದು. ಪಡಿತರ ವಿತರಣೆಯ ಆದೇಶ ಇರುವುದು ಅಗತ್ಯ ವಸ್ತುಗಳ ಕಾಯ್ದೆಯಡಿ, ಮೊಕದ್ದಮೆಯೂ ಆಗಬಹುದು. ಆ 4,000 ಕೇಳಿದವರು ಅಂದು ನಿಮ್ಮ ಜೊತೆ ನಿಲ್ಲುವುದಿಲ್ಲ. ಮರುಪರಿಶೀಲನೆಯ ಅರ್ಜಿಯನ್ನು ತಾಲ್ಲೂಕು ಕಚೇರಿಯಲ್ಲಿ ನೀವೇ ಕೊಡಬಹುದು. ಅದಕ್ಕೆ ದಲ್ಲಾಳಿ ಬೇಡ.

ಒಂದು ಎಚ್ಚರಿಕೆ. ಸಾಲ ಸಿಗಲೆಂದು ಏಜೆಂಟರು ರಿಟರ್ನ್‌ನಲ್ಲಿ ಇಲ್ಲದ ವರಮಾನ ಬರೆಸುವುದುಂಟು. 16,000 ಸಂಬಳದವನಿಗೆ ನಾಲ್ಕು ಲಕ್ಷ ತೋರಿಸಿದ್ದರೆ ಮೊದಲು ಅದನ್ನು ನೋಡಬೇಕು. ಮಗನಿಗೆ ಹೇಳಿ ರಿಟರ್ನ್ ಪ್ರತಿ ಮತ್ತು ನಮೂನೆ 26ಎಎಸ್ ಎರಡನ್ನೂ ತೆಗೆಸಿ. ಅವನ ಹೆಸರಿನಲ್ಲಿ ತೆರಿಗೆ ಹಿಡಿದಿಲ್ಲ ಎಂದು 26ಎಎಸ್ ತೋರಿಸುತ್ತದೆ. ಅಂಕಿ ತಪ್ಪಿದ್ದರೆ ನಂಬಿಕಸ್ಥ ಲೆಕ್ಕಪರಿಶೋಧಕರನ್ನು ತಡಮಾಡದೆ ನೋಡಿ, ತಿದ್ದುಪಡಿಗೆ ಕಾಲಮಿತಿ ಇದೆ.

ಎಲ್ಲಿಗೆ ಹೋಗಬೇಕು? ಮೊದಲು ತಾಲ್ಲೂಕು ಕಚೇರಿಯ ಆಹಾರ ಶಾಖೆ. ಅರ್ಜಿಯನ್ನು ತಹಶೀಲ್ದಾರರ ಹೆಸರಿಗೆ ಬರೆದು ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಎರಡು ಮೂರು ವಾರದಲ್ಲಿ ಏನೂ ಆಗದಿದ್ದರೆ ಜಿಲ್ಲೆಯ ಕುಂದುಕೊರತೆ ನಿವಾರಣಾ ಅಧಿಕಾರಿಗೆ ಕೊಡಿ. ಪ್ರತಿ ಜಿಲ್ಲೆಗೂ ಅಂಥವರೊಬ್ಬರು ಇರಬೇಕೆಂದು ಕಾಯ್ದೆಯ 15ನೇ ಕಲಂ ಹೇಳುತ್ತದೆ, ಅವರು ಯಾರೆಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ತಿಳಿಯುತ್ತದೆ. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ. ದೂರವಾಣಿ 1967ಕ್ಕೂ ದೂರು ಹೇಳಬಹುದು, ಆದರೆ ಕಾಗದ ಇರುವ ಕಡೆ ಕೆಲಸ ಹೆಚ್ಚು. ಕಾರಣ ತಿಳಿಸದೇ ಹೋದರೆ ಮಾಹಿತಿ ಹಕ್ಕಿನಲ್ಲಿ, ಕಾರ್ಡ್ ಬದಲಿಸಿದ ಆದೇಶದ ಪ್ರತಿ ಮತ್ತು ಸ್ಥಳ ಪರಿಶೀಲನಾ ವರದಿಯ ಪ್ರತಿ ಕೇಳಿ. ವರದಿಯೇ ಇಲ್ಲದಿದ್ದರೆ ಆ ಉತ್ತರವೇ ನಿಮಗೆ ಸಾಕ್ಷಿ. ನಾಡಕಚೇರಿಯಿಂದ ಹೊಸ ವರಮಾನ ಪ್ರಮಾಣಪತ್ರ ಮಾಡಿಸಿ. ಮಗನ ಸಂಬಳಕ್ಕೆ ಮುಂಚಿನ ಹಳೇ ಪತ್ರವನ್ನು ತೋರಿಸಬೇಡಿ, ಒಂದು ತಪ್ಪು ಕಾಗದ ಉಳಿದ ಸರಿಯಾದ ಕಾಗದಗಳನ್ನೂ ಕೆಡಿಸುತ್ತದೆ.

ಕಾರ್ಡ್ ಮರಳಿದ ಮೇಲೂ ಒಂದು ಸಂಗತಿ ನೆನಪಿರಲಿ. 2025ರ ಜುಲೈನಲ್ಲಿ ಕೇಂದ್ರ ತನ್ನ ಪಡಿತರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದಿದೆ. ಸತತ 6 ತಿಂಗಳು ಪಡಿತರ ಎತ್ತದ ಕಾರ್ಡನ್ನು ತಾತ್ಕಾಲಿಕವಾಗಿ ತಡೆಹಿಡಿದು, 3 ತಿಂಗಳೊಳಗೆ ರಾಜ್ಯದವರು ಮನೆಗೆ ಹೋಗಿ ಪರಿಶೀಲಿಸಬೇಕು ಎಂದು ಅದು ಹೇಳುತ್ತದೆ. ಐದು ವರ್ಷಕ್ಕೊಮ್ಮೆ ಇ-ಕೆವೈಸಿಯೂ, ಅಂದರೆ ಆಧಾರ್ ಮೂಲಕ ಗುರುತಿನ ದೃಢೀಕರಣವೂ ಆಗಬೇಕು. ಆಸ್ಪತ್ರೆಯ ಓಡಾಟದಲ್ಲಿ ತಿಂಗಳುಗಳು ಜಾರಿಹೋಗುತ್ತವೆ, ಗಮನವಿರಲಿ. ಅತ್ತೆಯವರ ಬೆರಳು ಯಂತ್ರ ಹಿಡಿಯದಿದ್ದರೆ ಕಣ್ಣಿನ ಪಾಪೆಯ ಯಂತ್ರದಲ್ಲಿ ಮಾಡಿಸಿ. ಬೆರಳು ಮೂಡಲಿಲ್ಲವೆಂಬ ಒಂದೇ ಕಾರಣಕ್ಕೆ ಹಕ್ಕು ತಪ್ಪಿಸಬಾರದೆಂದು 2018ರ ಆಧಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಅರ್ಜಿಯನ್ನು ಹೇಗೆ ಬರೆಯುವುದೆಂಬ ಚಿಂತೆ ಬೇಡ. ಮಗ ನಿಜವಾಗಿ ಬೇರೆ ಇದ್ದರೆ, ನಿಮ್ಮ ಕಾರ್ಡ್ ಸಂಖ್ಯೆ ಬರೆದು ಇಷ್ಟು ಬರೆಯಿರಿ:

‘ನಮ್ಮ ಆದ್ಯತಾ ಪಡಿತರ ಚೀಟಿಯನ್ನು ಯಾವ ನೋಟಿಸನ್ನೂ ಕೊಡದೆ, ಸ್ಥಳ ಪರಿಶೀಲನೆ ಮಾಡದೆ ಎಪಿಎಲ್‌ಗೆ ಬದಲಿಸಲಾಗಿದೆ. ನನ್ನ ಮಗ ಎರಡು ವರ್ಷದಿಂದ ಉದ್ಯೋಗ ನಿಮಿತ್ತ ಬೆಂಗಳೂರಿನಲ್ಲಿ ಪ್ರತ್ಯೇಕವಾಗಿ ವಾಸವಾಗಿದ್ದಾನೆ. ಅವನು ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದ್ದಾನೆ, ತೆರಿಗೆ ಪಾವತಿಸಿಲ್ಲ. ಅವನ ಹೆಸರನ್ನು ಚೀಟಿಯಿಂದ ತೆಗೆದು, ಉಳಿದ ನಾಲ್ವರ ವರಮಾನವನ್ನು ಸ್ಥಳ ಪರಿಶೀಲಿಸಿ, ಚೀಟಿಯನ್ನು ಆದ್ಯತಾ ವರ್ಗಕ್ಕೆ ಮರಳಿಸಬೇಕೆಂದು ಕೋರುತ್ತೇನೆ. ನನ್ನ ಅತ್ತೆಯವರಿಗೆ ಹೃದಯ ಶಸ್ತ್ರಚಿಕಿತ್ಸೆ ನಿಗದಿಯಾಗಿರುವುದರಿಂದ ಇದನ್ನು ವೈದ್ಯಕೀಯ ತುರ್ತು ಎಂದು ಪರಿಗಣಿಸಬೇಕು.’

ಜೊತೆಗೆ 26ಎಎಸ್, ಮಗನ ಬಾಡಿಗೆ ಕರಾರು ಅಥವಾ ಕಾರ್ಖಾನೆಯ ಪತ್ರ, ವರಮಾನ ಪ್ರಮಾಣಪತ್ರ, ಪಹಣಿ, ಆಸ್ಪತ್ರೆಯ ಕಾಗದ, ಎಲ್ಲದರ ನಕಲು ಸೇರಿಸಿ. ಮೂಲ ಪ್ರತಿಗಳನ್ನು ಯಾರ ಕೈಗೂ ಕೊಡಬೇಡಿ. ಮನೆಯಲ್ಲಿ ಹದಿನೆಂಟು ದಾಟಿದ ಹೆಂಗಸರಲ್ಲಿ ಹಿರಿಯರೇ ಕಾರ್ಡಿನ ಮುಖ್ಯಸ್ಥೆ ಎಂದು ಕಾಯ್ದೆಯ 13ನೇ ಕಲಂ ಬರೆದಿದೆ. ಕಾರ್ಡಿನಲ್ಲಿ ಅತ್ತೆಯವರ ಹೆಸರು ಯಜಮಾನಿಯಾಗಿದ್ದರೆ ಅವರ ಸಹಿ ಹಾಕಿಸಿ, ಇಲ್ಲದಿದ್ದರೆ ನಿಮ್ಮ ಸಹಿಯೇ ಸಾಕು. ಸ್ವೀಕೃತಿಯ ಮೇಲಿನ ದಿನಾಂಕ ಮತ್ತು ಸಂಖ್ಯೆಯನ್ನು ನನಗೆ ಬರೆದು ಕಳಿಸಿ. ಮೂರು ವಾರದಲ್ಲಿ ಉತ್ತರ ಬಾರದಿದ್ದರೆ ಜಿಲ್ಲೆಗೆ ಕೊಡುವ ಅರ್ಜಿಯನ್ನು ನಾನೇ ಬರೆದುಕೊಡುತ್ತೇನೆ.